ಹಂಚಿನ ಮೊದಲ ರೊಟ್ಟಿ

ಕುಪ್ಪೇಲೂರು

ಚಿ. ಮೊಮ್ಮಗಳಿಗೆ, ನೀನು ಕಳುಹಿಸಿದ ಒಂಬತ್ತು ನಿಮಿಷಗಳ ಕಿರುಚಿತ್ರವನ್ನು ಮೊದಲು ನಿನ್ನ ಕಾಕಾನ ಮೊಬೈಲಿನಲ್ಲಿಯೂ, ಅದರ ಪರದೆ ನನ್ನ ಕಣ್ಣಿಗೆ ಸಾಲದೆ ಹೋದುದರಿಂದ ಮರುದಿನ ಪಡಸಾಲೆಯ ಟಿವಿಯಲ್ಲಿಯೂ, ಒಟ್ಟು ನಾಲ್ಕು ಸಲ ನೋಡಿದೆನು. ‘ಹೆಂಗೈತಿ, ಮುಲಾಜಿಲ್ಲದ ಹೇಳಜ್ಜ’ ಎಂದಿದ್ದೀ. ಮುಲಾಜಿಲ್ಲದೆ ಹೇಳುವುದಾದರೆ ಫೋನಿನಲ್ಲಿ ಸಾಧ್ಯವಾಗದು. ನಿನ್ನ ದನಿ ಸಣ್ಣದಾದ ಕೂಡಲೆ ನಾನು ಮಾತು ಬದಲಿಸಿಬಿಡುವೆನೆಂಬುದು ನನಗೆ ಗೊತ್ತು. ಅದಕ್ಕಾಗಿಯೇ ಈ ಪತ್ರ. ನಿನ್ನ ಓರಗೆಯವರಲ್ಲಿ ಮೊದಲ ಚಿತ್ರವನ್ನು ಮುಗಿಸಿ ಉಗುರು ಕಚ್ಚುತ್ತ ಕುಳಿತವರು ಇನ್ನೂ ಕೆಲವರು ಇದ್ದಾರೆಂಬ ನಂಬಿಕೆಯಿಂದ ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ; ನಿನ್ನ ಹೆಸರನ್ನು ಮಾತ್ರ ಎಲ್ಲಿಯೂ ಬರೆದಿಲ್ಲ.

ನೀನು ಆರಿಸಿಕೊಂಡ ವಸ್ತು ಆತ್ಮಪ್ರೀತಿ. ಬಣ್ಣ ಕಪ್ಪೆಂದು ಬಂಧುಬಳಗದವರಿಂದ ಮಾತು ಕೇಳಿದ ಹುಡುಗಿಯೊಬ್ಬಳು ಅಳುತ್ತಾಳೆ, ಕನ್ನಡಿ ನೋಡುತ್ತಾಳೆ. ಮತ್ತೆ ಅಳುತ್ತಾಳೆ, ಮತ್ತೆ ಕನ್ನಡಿ ನೋಡುತ್ತಾಳೆ. ಕಡೆಗೆ ಕೆಂಪು ಲಿಪ್‌ಸ್ಟಿಕ್ ಹಚ್ಚಿಕೊಂಡು ಮೂರನೆಯ ಸಲ ಕನ್ನಡಿ ನೋಡಿ ನಗುತ್ತಾಳೆ. ಆಗ ಎಲ್ಲಿಂದಲೋ ಪಿಯಾನೊ ಕೇಳಿಸುತ್ತದೆ, ನಿನ್ನ ದನಿ ಬಂದು ‘ನಿನ್ನನ್ನು ನೀನು ಪ್ರೀತಿಸು’ ಎಂದು ಉಪದೇಶಿಸುತ್ತದೆ. ವಸ್ತುವಿನಲ್ಲಿ ದೋಷವಿಲ್ಲ, ನೋವು ಸುಳ್ಳಲ್ಲ. ಆ ಮಾತುಗಳನ್ನು ನಿನಗೆ ಆಡಿದವರು ಯಾರೆಂಬುದನ್ನೂ, ಯಾವ ಮದುವೆಯ ಊಟದ ಪಂಕ್ತಿಯಲ್ಲಿ ಆಡಿದರೆಂಬುದನ್ನೂ ನಾನು ಬಲ್ಲೆ, ಅಂದು ನಾನು ಬಾಯಿ ತೆರೆಯಲಿಲ್ಲವೆಂಬುದನ್ನೂ ಮರೆತಿಲ್ಲ. ಆದರೆ ನನ್ನ ತಕರಾರು ಇರುವುದು ಆ ಕನ್ನಡಿಯೊಡನೆ.

ಕನ್ನಡಿಯ ವಿಷಯದಲ್ಲಿ ನನಗೆ ಸ್ವಾನುಭವವಿದೆ. ಇಪ್ಪತ್ತು ತುಂಬುವ ವಯಸ್ಸಿನಲ್ಲಿ ಊರಿನ ದೊಡ್ಡಾಟದಲ್ಲಿ ನನಗೆ ಅಭಿಮನ್ಯುವಿನ ವೇಷ ಬಂದಿತ್ತು. ಕಿರೀಟ, ಭುಜಕೀರ್ತಿ, ಮುಖದ ತುಂಬ ಅರ್ದಳದ ಬಣ್ಣ ಇವೆಲ್ಲ ಸೇರಿ ನನ್ನನ್ನು ನನಗೇ ಗುರುತು ಸಿಗದಷ್ಟು ಸುಂದರನನ್ನಾಗಿ ಮಾಡಿದ್ದುದರಿಂದ, ರಂಗದ ಹಿಂದೆ ಗ್ಯಾಸಬತ್ತಿಯ ಬೆಳಕಿನಲ್ಲಿ ಅಂಗೈಯಗಲದ ಕನ್ನಡಿಯನ್ನು ಹಿಡಿದು ನಿಂತವನು ನಿಂತೇಬಿಟ್ಟೆನು. ಹಿಮ್ಮೇಳದವರು ನನ್ನ ಪ್ರವೇಶದ ಪದವನ್ನು ಎರಡು ಸಲ ಹಾಡಿ ಮುಗಿಸಿದರು. ಮೂರನೆಯ ಸಲಕ್ಕೆ ಸಾರಥಿಯೇ ಒಳಗೆ ಬಂದು ರಟ್ಟೆ ಹಿಡಿದು ಎಳೆದೊಯ್ದನು. ಚಕ್ರವ್ಯೂಹದ ಬಾಗಿಲು ತಿಳಿದಿದ್ದ ಅಭಿಮನ್ಯುವಿಗೆ ಅಟ್ಟದ ಬಾಗಿಲು ತಿಳಿಯದೆ ಹೋಯಿತೆಂದು ಊರವರು ಮುಂದಿನ ಸುಗ್ಗಿಯವರೆಗೆ ನಕ್ಕರು. ಅಂದು ನನ್ನನ್ನು ಹಿಡಿದು ನಿಲ್ಲಿಸಿದುದು ಆತ್ಮರತಿಯೇ ಹೊರತು ಆತ್ಮಪ್ರೀತಿಯಲ್ಲ. ನಿನ್ನ ಹುಡುಗಿಯದು ಬೇರೆ ಎನ್ನುತ್ತೀಯೆ. ಬೇರೆಯೇ, ನಾನೂ ಒಪ್ಪುತ್ತೇನೆ. ಆದರೆ ಕ್ಯಾಮೆರಾಕ್ಕೆ ಆ ಭೇದ ತಿಳಿಯುವ ಬಗೆ ಹೇಗೆ? ಕನ್ನಡಿಯ ಮುಂದೆ ನಿಂತ ಎರಡೂ ಮುಖಗಳು ಅದಕ್ಕೆ ಒಂದೇ ತೆರನಾಗಿ ಕಾಣಿಸುವುವು. ಆ ಕೊರತೆಯನ್ನು ತುಂಬುವುದಕ್ಕೇ ನೀನು ಪಿಯಾನೊವನ್ನೂ ಉಪದೇಶವನ್ನೂ ಸಾಲ ತಂದೆ.

ಇನ್ನು ಆ ಕೆಂಪು ಬಣ್ಣದ ಮಾತು. ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಈ ಸುಕ್ಕುಗಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಕೆಂಪು ಸತ್ವವು ತಿನಿಸುಗಳ ಬಣ್ಣಕ್ಕೂ, ಲಿಪ್‌ಸ್ಟಿಕ್ ಉಗುರುಬಣ್ಣಗಳಿಗೂ ಹೋಗುತ್ತದೆಂದು ಪೇಟೆಯವರು ಹೇಳುತ್ತಾರೆ. ನಿನ್ನ ಅಜ್ಜಿಯ ತವರು ಬ್ಯಾಡಗಿಯ ಕಡೆಗೆ; ಮದುವೆಗೆ ಮುಂಚಿನ ಕೆಲವು ಸುಗ್ಗಿಗಳಲ್ಲಿ ಆಕೆ ಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋದವಳು. ದಿನವೆಲ್ಲ ತೊಟ್ಟು ಬಿಡಿಸಿದ ಬೆರಳುಗಳು ರಾತ್ರಿ ಕೆಂಡದಂತೆ ಉರಿಯುತ್ತಿದ್ದುವೆಂದೂ, ನಿದ್ದೆಗಣ್ಣಿನಲ್ಲಿ ಕಣ್ಣುಜ್ಜಿಕೊಳ್ಳದಂತೆ ಕೈಗಳನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಮಲಗುತ್ತಿದ್ದಳೆಂದೂ ಆಕೆ ಒಮ್ಮೆ ನನಗೆ ಹೇಳಿದ್ದುಂಟು. ನಿನ್ನ ನಾಯಿಕೆಯ ತುಟಿಗೆ ಬಂದ ಕೆಂಪು ಯಾರ ಬೆರಳುಗಳನ್ನು ದಾಟಿ ಬಂದಿತೆಂಬುದನ್ನು ನೀನು ಯೋಚಿಸಿದ್ದರೆ, ನಿನ್ನ ಕಥೆ ಕನ್ನಡಿಯಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದು ಕಣಕ್ಕೆ ಇಳಿಯುತ್ತಿತ್ತು.

ಚಿತ್ರದ ಕೊನೆಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ, ಛಾಯಾಗ್ರಹಣ, ಸಂಕಲನ, ನಿರ್ದೇಶನ, ಹಿನ್ನೆಲೆ ದನಿ ಎಂದು ಏಳು ಸಲ ನಿನ್ನ ಹೆಸರು ಬಂದುದನ್ನು ನೋಡಿ ನಿನ್ನ ಕಾಕಾ ನಕ್ಕನು. ನಾನು ನಗಲಿಲ್ಲ. ನಮ್ಮ ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಅಂಬಿಗರ ಚೌಡಯ್ಯನ ನೆನಪು ಇನ್ನೂ ಉಳಿದಿದೆ. ಬಸವಣ್ಣನವರು ಕೂಡಲಸಂಗನ ಹೆಸರಿನಲ್ಲಿ, ಅಕ್ಕ ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ ವಚನಗಳಿಗೆ ಅಂಕಿತವಿಟ್ಟ ಕಾಲದಲ್ಲಿ, ದೋಣಿ ನಡೆಸುವ ಈತನು ದೇವರ ಹೆಸರನ್ನು ಬಿಟ್ಟು ತನ್ನ ಹೆಸರನ್ನೇ, ಅದೂ ತನ್ನ ಕಾಯಕದ ಸಮೇತ, ಅಂಕಿತವಾಗಿ ಇಟ್ಟನು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗನೊಬ್ಬನು ತನ್ನನ್ನು ತಾನು ಹಾಗೆ ಕರೆದುಕೊಂಡುದರ ಹಿಂದಿನ ಎದೆಗಾರಿಕೆಯನ್ನು ಆತ್ಮಪ್ರೀತಿಯೆನ್ನದೆ ಬೇರೇನೆನ್ನಬೇಕು? ಆದುದರಿಂದ ನಿನ್ನ ಹೆಸರನ್ನು ತೆಗೆಯಬೇಡ. ಆದರೆ ಚಿತ್ರದಲ್ಲಿ ಕಾಣಿಸಿಕೊಂಡ ಇನ್ನೊಬ್ಬಳ ಹೆಸರನ್ನು ಬಿಟ್ಟಿದ್ದೀಯೆ. ಆಕೆಯ ಮಾತಿಗೆ ಆಮೇಲೆ ಬರುತ್ತೇನೆ.

ಈ ಚಿತ್ರವನ್ನು ಅಳಿಸಿಹಾಕುವೆನೆಂದು ನಿನ್ನ ಅವ್ವನ ಹತ್ತಿರ ಹೇಳಿದ್ದೀಯಂತೆ. ಬೇಡ. ಮಣಿಪಾಲದಲ್ಲಿ ಔಷಧವಿಜ್ಞಾನ ಓದಿದ ಗಿರೀಶ ಕಾಸರವಳ್ಳಿಯವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ, 1975ರಲ್ಲಿ ವಿದ್ಯಾರ್ಥಿಯಾಗಿ ಮಾಡಿದ ಕಿರುಚಿತ್ರ ‘ಅವಶೇಷ’; ಅಲ್ಲಿಂದ ಎರಡೇ ವರ್ಷಕ್ಕೆ ‘ಘಟಶ್ರಾದ್ಧ’ ಬಂದು ಸ್ವರ್ಣಕಮಲವನ್ನು ಪಡೆಯಿತು. ಅದೇ ಸಂಸ್ಥೆಯಲ್ಲಿ ಓದಿದ ಮೈಸೂರಿನ ಚಿದಾನಂದ ಎಸ್. ನಾಯ್ಕರು ವೈದ್ಯವಿದ್ಯೆಯಿಂದ ಸಿನೆಮಾಕ್ಕೆ ಬಂದವರು. ಹುಂಜವನ್ನು ಕದ್ದ ಮುದುಕಿಯಿಂದಾಗಿ ಊರಿಗೆ ಸೂರ್ಯನೇ ಹುಟ್ಟದೆ ಹೋದ ಕನ್ನಡ ಜನಪದ ಕಥೆಯನ್ನು ನಾಲ್ಕೇ ದಿನಗಳಲ್ಲಿ ಚಿತ್ರಿಸಿ, ಹದಿನಾರು ನಿಮಿಷಗಳ ಆ ಕನ್ನಡ ಚಿತ್ರಕ್ಕೆ 2024ರ ಕಾನ್ ಉತ್ಸವದಲ್ಲಿ ವಿದ್ಯಾರ್ಥಿಚಿತ್ರಗಳ ವಿಭಾಗದ ಮೊದಲ ಬಹುಮಾನವನ್ನು ತಂದರು. ಬಹುಮಾನದ ಆಸೆ ಹಚ್ಚುವುದಕ್ಕೆ ಇದನ್ನು ಬರೆಯಲಿಲ್ಲ. ಮುದುಕಿ, ಹುಂಜ, ಕತ್ತಲೆ ಇವು ಎಷ್ಟು ಹತ್ತಿರದ ಸಾಮಗ್ರಿಗಳೆಂಬುದನ್ನು ನೋಡು. ಕುಪ್ಪೇಲೂರಿನಲ್ಲಿ ಈ ಮೂರಕ್ಕೂ ಬರವಿಲ್ಲ, ಕರೆಂಟಿನವರ ಕೃಪೆಯಿಂದ ಮೂರನೆಯದಕ್ಕಂತೂ ಎಂದೂ ಇಲ್ಲ.

ಈಗ ನಾಲ್ಕನೆಯ ನಿಮಿಷಕ್ಕೆ, ನೀನು ಹೆಸರು ಬಿಟ್ಟವಳ ಮಾತಿಗೆ, ಬರುತ್ತೇನೆ. ನಿನ್ನ ಹುಡುಗಿ ಅಡುಗೆಮನೆಯ ಬಾಗಿಲಿಗೆ ಒರಗಿ ಅಳುತ್ತಿದ್ದಾಳೆ. ಕ್ಯಾಮೆರಾ ಆಕೆಯ ಕಣ್ಣೀರನ್ನು ಬಿಟ್ಟು ಕದಲುವುದಿಲ್ಲ. ಅವಳ ಹೆಗಲಿನ ಹಿಂದೆ ಮಸುಕುಮಸುಕಾಗಿ ಒಲೆ ಕಾಣುತ್ತದೆ, ಒಲೆಯ ಮುಂದೆ ನಿನ್ನ ಅಜ್ಜಿ ಕೂತಿದ್ದಾಳೆ. ಕೊಣಮಿಗೆಯಲ್ಲಿ ಹಿಟ್ಟು ನಾದಿ, ಮೊದಲ ರೊಟ್ಟಿಯನ್ನು ತಟ್ಟಿ, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಅದರ ಮೈಯನ್ನು ಸವರುತ್ತಾಳೆ. ರೊಟ್ಟಿ ಉಬ್ಬಿದ ಮೇಲೆ ತೆಗೆದು ಬುಟ್ಟಿಗೆ ಹಾಕುವುದಿಲ್ಲ. ಅತ್ತ ಇತ್ತ ಒಮ್ಮೆ ನೋಡಿ, ಅದರ ಮೇಲೆ ಬೆರಳಿನಷ್ಟು ಬೆಣ್ಣೆ, ಒಂದು ಚಿಟಿಕೆ ಶೇಂಗಾ ಹಿಂಡಿ ಇಟ್ಟು, ಮಡಿಚಿ, ತಾನೇ ತಿನ್ನುತ್ತಾಳೆ. ಅವಸರವಿಲ್ಲ. ಕಣ್ಣು ಅರ್ಧ ಮುಚ್ಚಿರುತ್ತದೆ. ಎರಡನೆಯ ರೊಟ್ಟಿಯನ್ನು ತಟ್ಟಿದ ಮೇಲೆಯೇ ‘ಊಟಕ್ಕ ಬರ್ರಿ’ ಎಂದು ಎಲ್ಲರನ್ನೂ ಕೂಗುತ್ತಾಳೆ.

ನಿನಗೆ ತಿಳಿಯದೆಯೇ ನಿನ್ನ ಮೊಬೈಲು ಅದನ್ನು ಹಿಡಿದಿದೆ. ಮಗಳೇ, ಆ ಒಲೆಯ ರೊಟ್ಟಿಯನ್ನು ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಉಣ್ಣುತ್ತ ಬಂದಿರುವ ನಾನು, ಆಕೆ ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವವಳೆಂದೇ ಭಾವಿಸಿ, ಅದನ್ನು ಸತಿಧರ್ಮವೆಂದು ನಾಲ್ಕು ಜನರೆದುರು ಹೊಗಳಿಯೂ ಇದ್ದೆನು. ಪತಿಯಾಗಲಿ ಮಕ್ಕಳಾಗಲಿ ಪ್ರಿಯರಾಗುವುದು ಆತ್ಮದ ಸಲುವಾಗಿಯೇ ಎಂದು ಯಾಜ್ಞವಲ್ಕ್ಯನು ಮೈತ್ರೇಯಿಗೆ ಹೇಳಿದುದನ್ನು ನಾನು ಪುಸ್ತಕದಲ್ಲಿ ಓದಿ ತಲೆದೂಗಿದವನು. ನನ್ನ ಮನೆಯ ಒಲೆಯ ಮುಂದೆ ನಡೆಯುತ್ತಿದ್ದುದು ನನಗೆ ಕಾಣಿಸಲಿಲ್ಲ. ನಮ್ಮ ಕಡೆಯ ಆಡುಮಾತಿನಲ್ಲಿ ಇಂಥ ಆತ್ಮಪ್ರೀತಿಗೆ ದೊಡ್ಡ ಹೆಸರಿಲ್ಲ. ಬಸ್ಸು ಹತ್ತುವವರಿಗೆ ‘ಜೀವ ಜ್ವಾಕಿ’ ಎನ್ನುತ್ತೇವೆ, ಅಷ್ಟೆ.

ಮುಂದಿನ ಸಲ ಆ ಹಿಂದಿನದನ್ನು ಮುಂದಕ್ಕೆ ತಾ. ಪಿಯಾನೊ ತೆಗೆ, ಉಪದೇಶ ತೆಗೆ. ರೊಟ್ಟಿ ಬಡಿಯುವ ಸಪ್ಪಳವನ್ನು ಸ್ಪಷ್ಟವಾಗಿ ಹಿಡಿ. ಬೆಳಗಿನ ಏಳು ಗಂಟೆಗೆ ಬೆಳಕಿಂಡಿಯ ಬಿಸಿಲು ಒಲೆಯ ಎಡಮಗ್ಗುಲಿಗೆ ಬೀಳುತ್ತದೆ, ಬೇರೆ ದೀಪ ಬೇಡ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ ಇಟ್ಟು, ನೀನು ಹೊರಗೆ ಕಟ್ಟೆಯ ಮೇಲೆ ಕೂತುಬಿಡು.

ನಿನ್ನ ಪರವಾಗಿ ನಾನೇ ಮೊನ್ನೆ ಆಕೆಯನ್ನು ಕೇಳಿದೆನು. ಮೊದಲ ರೊಟ್ಟಿ ಯಾವಾಗಿನಿಂದ ಎಂದರೆ, ‘ಅತ್ತಿ ಇದ್ದಾಗ ಅಂಜಿಕಿ ಇತ್ತು. ಆಕಿ ಹ್ವಾದ ಮರುವರ್ಷದಿಂದ ತಿನ್ನಾಕತ್ತೀನಿ. ನಿಮಗ ಈಗ ಕಂಡ್ತೇನ್ರಿ?’ ಎಂದಳು. ಮೊಮ್ಮಗಳು ದೀಪಾವಳಿಗೆ ಬಂದು ಅದನ್ನೇ ಸಿನೆಮಾ ತೆಗೆಯಲೇ ಎಂದು ಕೇಳಿದುದಕ್ಕೆ ಹಿಟ್ಟಿನಿಂದ ಕೈ ತೆಗೆಯದೆಯೇ ಉತ್ತರ ಕೊಟ್ಟಳು: ‘ಏನರ ತಗೀಲಿ. ನಾ ತಿಂದ ಮ್ಯಾಲ ತಗೀಲಿ.’

ಇಂತು,
ನಿನ್ನ ಅಜ್ಜ