ಮಾಗಿಯ ಚಳಿಯಲ್ಲಿ ಹಿತ್ತಲ ಕೋಳಿಗಳ ಆರೈಕೆ

ಕಾಫಿ ಹಣ್ಣು ಕುಯ್ಯುವ ಕಾಲ, ಅಡಿಕೆ ಕೊನೆ ಇಳಿಸುವ ಕಾಲ ಮತ್ತು ಮಾಗಿಯ ಚಳಿ, ಈ ಮೂರೂ ನಮ್ಮ ಮಲೆನಾಡಿನಲ್ಲಿ ಒಟ್ಟಿಗೇ ಬರುತ್ತವೆ. ಮನೆಮಂದಿಯೆಲ್ಲ ತೋಟದಲ್ಲಿಯೋ ಕಣದಲ್ಲಿಯೋ ಇರುವ ಈ ಎರಡು ಮೂರು ತಿಂಗಳು ಹಿತ್ತಲಿನ ಕೋಳಿಗಳನ್ನು ಕೇಳುವವರಿಲ್ಲ. ಸಂಜೆ ಗೂಡಿನ ಬಾಗಿಲು ಹಾಕುವುದು, ಬೆಳಿಗ್ಗೆ ತೆಗೆಯುವುದು, ಅಷ್ಟೇ. ಹತ್ತು ಹೇಂಟೆಗಳಿರುವ ಮನೆಯಲ್ಲಿ ವಾರದ ಸಂತೆ ಖರ್ಚಿನ ಒಂದು ಭಾಗ ಮೊಟ್ಟೆಯಿಂದಲೇ ಹುಟ್ಟುತ್ತದೆ. ಆ ಹಣ ಸಾಮಾನ್ಯವಾಗಿ ಹೆಂಗಸರ ಕೈಯಲ್ಲಿರುತ್ತದೆ. ಆದ್ದರಿಂದ ಈ ಅಲಕ್ಷ್ಯವನ್ನು ಸಣ್ಣದೆನ್ನಲಾಗದು. (ಕೋಳಿಯನ್ನು ಅಂಗಳಕ್ಕೆ ಸೇರಿಸದ ಮನೆಗಳೂ ನಮ್ಮ ಸದಸ್ಯರಲ್ಲಿ ಸಾಕಷ್ಟಿವೆ. ಅಂಥವರು ಇದನ್ನು ತಮ್ಮ ಲೈನ್ ಮನೆಗಳವರಿಗೆ ಓದಿ ಹೇಳಬಹುದು.)

ಮೊದಲು ನಾವೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಒಂದು ವರ್ಷ ಪುಷ್ಯಮಾಸದಲ್ಲಿ ಚಳಿ ಜೋರಾಯಿತೆಂದು, ಅಡಿಕೆ ಮುಚ್ಚಲು ತಂದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಗೂಡಿನ ನಾಲ್ಕೂ ಬದಿಗೆ ಬಿಗಿಯಾಗಿ ಸುತ್ತಿದೆವು. ಕೋಳಿಗಳಿಗೆ ದೊಡ್ಡ ಉಪಕಾರ ಮಾಡಿದ ಸಮಾಧಾನ ನಮ್ಮದು! ನಾಲ್ಕನೆಯ ಬೆಳಿಗ್ಗೆ ನೋಡಿದರೆ ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೋಳಿಗಳ ಬೆನ್ನು ಒದ್ದೆಯಾಗಿತ್ತು, ಬಾಗಿಲು ತೆಗೆದಾಗ ನಮ್ಮ ಕಣ್ಣೇ ಉರಿಯಿತು. ಎರಡು ವಾರದೊಳಗೆ ಹದಿನಾಲ್ಕರಲ್ಲಿ ಐದು ಹೇಂಟೆಗಳು ಗೊರಗೊರ ಉಸಿರೆಳೆಯುತ್ತ ಸತ್ತವು. ನಾವು ಚಳಿಯನ್ನು ಹೊರಗಿಟ್ಟು ತೇವವನ್ನು ಒಳಗೆ ಕೂಡಿಹಾಕಿದ್ದೆವು.

ಕೋಳಿಯ ಮೈಯ ಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಹೆಚ್ಚು. ಪುಕ್ಕವನ್ನು ಉಬ್ಬಿಸಿ ಅದರೊಳಗೆ ಗಾಳಿ ಹಿಡಿದಿಟ್ಟು ಅದು ಬೆಚ್ಚಗಿರುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ 10-12 ಡಿಗ್ರಿಗೆ ಇಳಿಯುವುದುಂಟು. ಪುಕ್ಕ ಒಣಗಿದ್ದರೆ ಬೆಳೆದ ಕೋಳಿಗೆ ಇದೇನೂ ಲೆಕ್ಕಕ್ಕಿಲ್ಲ. ಒದ್ದೆ ಪುಕ್ಕದಲ್ಲಿ ಮಾತ್ರ ಗಾಳಿ ನಿಲ್ಲದು. ಉಸಿರಿನಿಂದಲೂ ಹಿಕ್ಕೆಯಿಂದಲೂ ರಾತ್ರಿಯಿಡೀ ಹೊರಬರುವ ನೀರಿನ ಆವಿಗೆ ದಾರಿ ಬೇಕು. ದಾರಿಯಿಲ್ಲದಿದ್ದರೆ ನೆಲದ ಹಾಸು ಒದ್ದೆಯಾಗಿ, ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ. ಅದು ಕೋಳಿಯ ಕಣ್ಣು, ಗಂಟಲು, ಉಸಿರ್ನಾಳಗಳನ್ನು ಸುಡುತ್ತದೆ. ಆಮೇಲೆ ರೋಗಾಣುಗಳಿಗೆ ಬಾಗಿಲು ತೆರೆದಂತೆಯೇ. ಪರೀಕ್ಷೆ ಬಹಳ ಸುಲಭ: ಬೆಳಿಗ್ಗೆ ಬಾಗಿಲು ತೆಗೆದೊಡನೆ ಕೋಳಿಯ ಎತ್ತರಕ್ಕೆ ಕುಕ್ಕುರುಗಾಲಲ್ಲಿ ಕೂತು ಒಮ್ಮೆ ಉಸಿರೆಳೆಯಿರಿ. ನಿಮ್ಮ ಮೂಗಿಗೆ ಘಾಟು ಹತ್ತಿದರೆ ಕೋಳಿಗಳು ರಾತ್ರಿಯಿಡೀ ಅದನ್ನೇ ಉಸಿರಾಡಿವೆ ಎಂದು ತಿಳಿಯತಕ್ಕದ್ದು.

ಇನ್ನು ಗೂಡಿನ ವಿಚಾರ. ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣ ದಿಕ್ಕಿನಿಂದ, ಮಾಗಿಯ ಗಾಳಿ ಬೀಸುವುದು ಮೂಡಣದಿಂದ. ಆದ್ದರಿಂದ ಪಡುವಣದ ಗೋಡೆಯನ್ನು ಪೂರ್ತಿ ಮುಚ್ಚಿ, ಮೂಡಣಕ್ಕೆ ಬಲೆ ಹೊಡೆದರೆ ಎಳೆಬಿಸಿಲು ಒಳಗೆ ಬೀಳುತ್ತದೆ. ಆ ಬಲೆಗೆ ಗೋಣಿತಟ್ಟಿನ ಪರದೆ ಇರಲಿ. ಸಂಜೆ ಅದನ್ನು ಇಳಿಬಿಡಬೇಕು. ಆದರೆ ಮೇಲ್ಗಡೆ, ಸೂರಿನ ಕೆಳಗೆ, ಒಂದು ಗೇಣು ಸದಾ ತೆರೆದೇ ಇರಬೇಕು. ಕೂತ ಕೋಳಿಯ ಮೈಗೆ ಗಾಳಿ ಬಡಿಯಬಾರದು, ತಲೆಯ ಮೇಲಿನಿಂದ ಆವಿ ಹೋಗುತ್ತಿರಬೇಕು. ಆ ತೆರವಿಗೂ ಗಟ್ಟಿ ಬಲೆ ಹಾಕುವುದನ್ನು ಮರೆಯಬೇಡಿ, ಕಾಡುಬೆಕ್ಕಿಗೆ ಗೇಣು ಜಾಗ ಧಾರಾಳವಾಯಿತು.

ಅಡಿಕೆ ದಬ್ಬೆಯನ್ನು ಸಂದು ಬಿಟ್ಟು ಹೊಡೆದ ನೆಲದ ಎತ್ತರದ ಗೂಡು ಮಳೆಗಾಲಕ್ಕೆ ಒಳ್ಳೆಯದು. ಮಾಗಿಯಲ್ಲಿ ಮಾತ್ರ ಕೆಳಗಿನಿಂದ ಗಾಳಿ ನುಗ್ಗುವುದರಿಂದ ದಬ್ಬೆಯ ಮೇಲೆ ಗೋಣಿ ಹಾಸಿ, ಅದರ ಮೇಲೆ ಮೂರು ನಾಲ್ಕು ಅಂಗುಲ ಭತ್ತದ ಹೊಟ್ಟನ್ನೋ ಒಣ ತರಗನ್ನೋ ಹರಡಬೇಕು. ಸಿಲ್ವರ್ ಓಕಿನ ತರಗು ತೇವ ಹೀರುವುದು ಕಡಿಮೆ, ಹೊಟ್ಟಿನೊಂದಿಗೆ ಬೆರೆಸಿದರೆ ನಡೆದೀತು. ಕಾಫಿ ಹಣ್ಣಿನ ಸಿಪ್ಪೆ ಪುಕ್ಕಟೆ ಸಿಗುವುದೆಂದು ಹಾಸಲು ಹೋಗಬೇಡಿ, ಅದಕ್ಕೆ ಬಹುಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಧೂಳು ಮರಿಗಳ ಶ್ವಾಸಕೋಶಕ್ಕೆ ಇಳಿದರೆ ಮದ್ದಿಲ್ಲ. ವಾರಕ್ಕೆರಡು ಸಲ ಹಾಸನ್ನು ತಿರುವಿಹಾಕಿ, ಒಂದು ಹಿಡಿ ತೆಗೆದು ಹಿಸುಕಿ ನೋಡಿ. ಮುಷ್ಟಿ ಬಿಚ್ಚಿದಾಗ ಉದುರಿಹೋದರೆ ಸರಿ, ಉಂಡೆಯಾಗಿ ನಿಂತರೆ ಬದಲಿಸಬೇಕು. ತೆಗೆದ ಹಾಸು ಗೊಬ್ಬರದ ಗುಂಡಿಗೆ ಹೋಗಲಿ. ಹಸಿಯಾಗಿಯೇ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಟ್ಟೀತು.

ಕೂರುವ ಕೋಲು ಎರಡು ಅಂಗುಲ ದಪ್ಪವಿದ್ದರೆ ಕೋಳಿ ತನ್ನ ಬೆರಳುಗಳನ್ನು ಹೊಟ್ಟೆಯ ಪುಕ್ಕದಿಂದ ಮುಚ್ಚಿಕೊಳ್ಳಬಲ್ಲದು. ಒಂದಕ್ಕೆ ಎಂಟು ಒಂಬತ್ತು ಅಂಗುಲ ಜಾಗ ಸಾಕು. ಇದಕ್ಕೆ ದಬ್ಬೆ ಬೇಡ. ಅದರ ಸಿಬಿರು ಪಾದಕ್ಕೆ ಚುಚ್ಚಿ ಬಾವು ಬರುತ್ತದೆ, ಸೀಳುಗಳಲ್ಲಿ ಹೇನು ಉಣ್ಣಿ ಸೇರುತ್ತವೆ. ತೊಗಟೆ ಸುಲಿದ ಕಾಫಿ ಗಿಡದ ಕೋಲೇ ಮೇಲು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ಭಾರದ ತಳಿಗೆ ಕೋಲು ತಗ್ಗಿನಲ್ಲಿರಲಿ, ಎತ್ತರದಿಂದ ಧುಮುಕಿದರೆ ಕಾಲು ಕೆಡುತ್ತದೆ.

ಚಳಿಯಲ್ಲಿ ಮೈ ಕಾಯಿಸಿಕೊಳ್ಳಲು ಕೋಳಿ ಹೆಚ್ಚು ತಿನ್ನುತ್ತದೆ. ಗೂಡಿಗೆ ಸೇರುವ ಮುನ್ನ ಒಂದೊಂದು ಹಿಡಿ ಜೋಳದ ನುಚ್ಚೋ ಅಕ್ಕಿ ನುಚ್ಚೋ ಹಾಕಿದರೆ ರಾತ್ರಿಯ ಶಾಖಕ್ಕೆ ಒದಗುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಮಾತ್ರ ಬೇಡವೇ ಬೇಡ. ನೀರಿನ ಕಡೆಗೆ ಹೆಚ್ಚಿನವರು ಗಮನ ಕೊಡುವುದಿಲ್ಲ. ಮೊಟ್ಟೆಯ ಒಳಗಿನದು ಮುಕ್ಕಾಲು ಪಾಲು ನೀರೇ. ರಾತ್ರಿಯ ತಣ್ಣೀರನ್ನು ಕೋಳಿ ಕುಡಿಯಲೊಲ್ಲದು. ಬೆಳಿಗ್ಗೆ ಹಂಡೆಯ ನೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಇಡಿ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ ಮಾತ್ರ ಇರುವುದರಿಂದ ಮೊಟ್ಟೆ ಸ್ವಲ್ಪ ಇಳಿಯುವುದು ಸಹಜ. ಅದಕ್ಕಾಗಿ ಗಾಬರಿಯಾಗಿ ಒಳ್ಳೆಯ ಹೇಂಟೆಯನ್ನು ಸಂತೆಗೆ ಕೊಡಬೇಡಿ.

ಬೆಳೆದ ಕೋಳಿಯ ಮಾತು ಹೀಗಾಯಿತು, ಮರಿಗಳದು ಬೇರೆ. ಮೊದಲ ವಾರ ಅವಕ್ಕೆ 35 ಡಿಗ್ರಿ ಶಾಖ ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ತಗ್ಗಿಸಬಹುದು. ತಾಯಿ ಇದ್ದರೆ ಅವಳೇ ನೋಡಿಕೊಳ್ಳುತ್ತಾಳೆ, ಆದರೆ ಈ ಕಾಲದಲ್ಲಿ ಕಾವಿಗೆ ಹನ್ನೆರಡು ಮೊಟ್ಟೆ ಇಡುವ ಬದಲು ಎಂಟು ಒಂಬತ್ತು ಇಟ್ಟರೆ ಎಲ್ಲವೂ ರೆಕ್ಕೆಯಡಿ ಹಿಡಿಯುತ್ತವೆ. ಜನವರಿ ಮಧ್ಯದಲ್ಲಿ ಕಾವಿಗೆ ಕೂರಿಸಿದರೆ 21 ದಿನಕ್ಕೆ, ಚಳಿ ಮುರಿಯುವ ಹೊತ್ತಿಗೆ, ಮರಿ ಹೊರಬರುತ್ತದೆ. ಕೊಂಡು ತಂದ ಮರಿಗಳಾದರೆ ಚಾಪೆಯನ್ನು ದುಂಡಗೆ ಸುತ್ತಿ, ನಡುವೆ ಬಲ್ಬು ತೂಗುಹಾಕಿ. ಮರಿಯೊಂದಕ್ಕೆ ಎರಡು ವ್ಯಾಟ್ ಲೆಕ್ಕ. ಇದು ಹಳೆಯ ತಂತಿ ಬಲ್ಬಿನ ಮಾತು. ಈಗ ಎಲ್ಲರ ಮನೆಯಲ್ಲಿರುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಶಾಖ ಕೊಡುವುದಿಲ್ಲ. ಬಲ್ಬಿನಡಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿಯಾಗಿದೆ, ದೂರ ಸರಿದು ಬಾಯಿ ಬಿಡುತ್ತಿದ್ದರೆ ಸೆಕೆಯಾಗಿದೆ, ಒಂದೇ ಮಗ್ಗುಲಿಗೆ ಸೇರಿದ್ದರೆ ಇನ್ನೊಂದು ಕಡೆಯಿಂದ ಗಾಳಿ ಬರುತ್ತಿದೆ. ಕರೆಂಟು ಹೋದಾಗ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡುವುದು ಮರಿಗಳಿಗೂ ಮಲಗಿದ ಮನುಷ್ಯರಿಗೂ ಪ್ರಾಣಾಪಾಯ. ಬಿಸಿನೀರು ತುಂಬಿದ ಬಾಟ್ಲಿಗಳಿಗೆ ಬಟ್ಟೆ ಸುತ್ತಿ ಮರಿಗಳ ನಡುವೆ ಇಡಿ.

ಉಸಿರು ಗೊರಗುಟ್ಟುವುದರ ಜೊತೆಗೆ ಹಸಿರು ಭೇದಿ, ಕತ್ತು ತಿರುಚುವುದು ಕಂಡರೆ ಅದು ಗಾಳಿಯ ದೋಷವಲ್ಲ, ಕೊಕ್ಕರೆ ರೋಗವಿರಬಹುದು. ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಈ ರೋಗಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರ ದಾಟಿದ ಮೇಲೆ ಚುಚ್ಚುಮದ್ದು. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಇದನ್ನು ಹಾಕಬೇಕು. ಲಸಿಕೆಯ ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಹೆಚ್ಚು ಕೋಳಿಗಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಗೊಂದು ಸೀಸೆ ತರುವುದು ದಂಡ. ಹಣ್ಣು ಕುಯ್ಲು ಶುರುವಾಗುವ ಮೊದಲೇ ನೆರೆಯ ಏಳೆಂಟು ಮನೆಯವರು ಸೇರಿ ಒಂದು ದಿನ ಗೊತ್ತುಮಾಡಿಕೊಂಡು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ತಂದು, ಬೆಳಿಗ್ಗೆ ಕೋಳಿಗಳನ್ನು ಗೂಡಿನಿಂದ ಬಿಡುವ ಮುನ್ನವೇ ಹಾಕಿಸುವುದು ಅನುಕೂಲ.