ದಿಬ್ಬಣದ ವಿಮಾನ

ಕಾವ್ಯಾ, ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ಮನಸ್ಸಿನಲ್ಲಿ ತಿರುವಿಹಾಕುತ್ತ ಮಲಗಿದ್ದೆ. ಡಿಸೆಂಬರಿನಲ್ಲಿ ನಿನ್ನಣ್ಣನ ಮದುವೆ, ಅದೂ ಹುಡುಗಿಯ ಊರು ಉದಯಪುರದಲ್ಲಿ. ನಮ್ಮ ಕಡೆಯ ದಿಬ್ಬಣ 60 ಜನ. ಅವರಲ್ಲಿ 13 ಜನರಿಗೆ ಒಂದು ದೊಡ್ಡ ಜೆಟ್ ಚಾರ್ಟರ್ ಮಾಡಬೇಕೆಂದು ನಿಮ್ಮಪ್ಪ ತೀರ್ಮಾನಿಸಿ, ಆ ಕೆಲಸವನ್ನು ನಿನ್ನ ತಲೆಗೆ ಕಟ್ಟಿದ್ದಾನೆ. ದೊಡ್ಡಪ್ಪ ದುಂದುವೆಚ್ಚ ಎಂದು ಬೈಯುತ್ತಾರೇನೋ ಎಂಬ ಅಳುಕು ನಿನ್ನ ದನಿಯಲ್ಲಿತ್ತು. ಬೈಯುವುದಿಲ್ಲ ಮಗಳೇ. 88 ವರ್ಷದ ನಮ್ಮಮ್ಮ ಮೊಮ್ಮಗನ ಧಾರೆ ನೋಡಲು ಕಾದು ಕೂತಿದ್ದಾಳೆ. ಅವಳ ಮಂಡಿಗೆ ದೇವನಹಳ್ಳಿ ಏರ್‌ಪೋರ್ಟಿನ ಉದ್ದನೆಯ ಸಾಲುಗಳಲ್ಲಿ ನಿಲ್ಲುವ ತ್ರಾಣವಿಲ್ಲ. ಹಳೇ ಏರ್‌ಪೋರ್ಟಿನಲ್ಲಿ ಇಂಥ ವಿಮಾನಗಳನ್ನು ಇಳಿಸಿಕೊಂಡು, ಕಳಿಸಿಕೊಟ್ಟು ಆಯುಷ್ಯ ಕಳೆದವನು ನಾನು. ಗೊತ್ತಿರುವುದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ನಿನಗೆ ಮೊದಲು ತೋರಿಸಿರುವುದು ಎಂಬ್ರೇಯರ್ ಲೆಗಸಿ 600. ಆಯ್ಕೆ ಚೆನ್ನಾಗಿದೆ. 2019ರ ಜನವರಿಯಲ್ಲಿ ಹಾರಾಟ ಶುರುಮಾಡಿದ ಸ್ಟಾರ್ ಏರ್‌ನವರ 50 ಸೀಟಿನ ಎಂಬ್ರೇಯರ್ 145ರಲ್ಲಿ ನೀನು ಹುಬ್ಬಳ್ಳಿಗೆ ಹೋಗಿ ಬಂದಿದ್ದೀಯಲ್ಲ, ಲೆಗಸಿ ಅದೇ ಮನೆತನದ್ದು. ಉದ್ದದಲ್ಲಿ ಸ್ವಲ್ಪ ಗಿಡ್ಡ, ಅಗಲ ಅಷ್ಟೇ. ಆದರೆ ಒಳಗೆ ಇಡೀ ಜಾಗವನ್ನು 13 ಕುರ್ಚಿಗಳು ಹಂಚಿಕೊಂಡಿರುತ್ತವೆ. ಚಾವಣಿ ಸುಮಾರು 6 ಅಡಿ, ಆದ್ದರಿಂದ ಅಮ್ಮ ಸೊಂಟ ಬಗ್ಗಿಸದೆ ಬಚ್ಚಲಿಗೆ ಹೋಗಿ ಬರಬಹುದು. ಸಣ್ಣ ಜೆಟ್‌ಗಳಲ್ಲಿ ಇದೇ ದೊಡ್ಡ ಕಷ್ಟ, ಕುರ್ಚಿ ಎಷ್ಟೇ ಮೆತ್ತಗಿರಲಿ, ಎದ್ದರೆ ಕುಬ್ಜರಂತೆ ನಡೆಯಬೇಕು.

ಹತ್ತುವ ಮೆಟ್ಟಿಲ ಬಗ್ಗೆ ಮಾತ್ರ ಯಾವ ಬ್ರೋಕರನೂ ತಾನಾಗಿ ಹೇಳುವುದಿಲ್ಲ. ಈ ವಿಮಾನಗಳಿಗೆ ಏರೋಬ್ರಿಡ್ಜ್ ಇರುವುದಿಲ್ಲ. ಬಾಗಿಲಿಗೇ ಅಂಟಿಕೊಂಡ ಏಣಿ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಕಡಿದು, ಕಿರಿದು. ಇಬ್ಬರು ಅಕ್ಕಪಕ್ಕ ನಿಂತು ಅಜ್ಜಿಯ ತೋಳು ಹಿಡಿಯಲು ಜಾಗ ಇರುವುದಿಲ್ಲ. ವೀಲ್‌ಚೇರ್ ಸಹಿತ ಮೇಲಕ್ಕೆತ್ತುವ ವ್ಯವಸ್ಥೆ ಬೇಕೆಂದು ಎರಡೂ ಊರಿನ ಗ್ರೌಂಡ್ ಹ್ಯಾಂಡ್ಲಿಂಗ್‌ನವರಿಗೆ ಮೊದಲೇ ಬರೆದು ತಿಳಿಸು, ಅದು ಆ ಬಾಗಿಲಿಗೆ ಹೊಂದುತ್ತದೆಯೇ ಎಂದೂ ವಿಚಾರಿಸು. ಬೆಂಗಳೂರಿನಲ್ಲಿ ಎಲ್ಲ ಸರಿಯಾಗಿ, ಅಲ್ಲಿ ಇಳಿಸಿಕೊಳ್ಳುವವರಿಲ್ಲದೆ ವೃದ್ಧರು ಬಾಗಿಲಲ್ಲೇ ನಿಂತುಬಿಟ್ಟದ್ದನ್ನು ನಾನು ಕಂಡಿದ್ದೇನೆ. ಇನ್ನೊಂದು, ಆಕಾಶದಲ್ಲಿ ಒಳಗಿನ ಗಾಳಿ ನೆಲದ ಮೇಲಿನಂತೆ ಇರುವುದಿಲ್ಲ. ವಿಮಾನ ತೀರಾ ಮೇಲೆ ಹೋದಾಗ ಒಳಗಿನ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲೆ ಕೂತ ಹಾಗೆ. ಊಟಿಯ ದೊಡ್ಡಬೆಟ್ಟಕ್ಕಿಂತ ಸ್ವಲ್ಪ ಕೆಳಗೆ ಅಂದುಕೋ. ಅಮ್ಮನಿಗೆ ಮೊದಲೇ ಏದುಸಿರು. ಡಾಕ್ಟರನ್ನು ಕೇಳದೆ ಅವಳ ಹೆಸರು ಪಟ್ಟಿಗೆ ಸೇರಿಸಬೇಡ.

ಹಣದ ಲೆಕ್ಕ ಗಂಟೆಯದು. ನೀನು ಕೂತ ಗಂಟೆಯದ್ದು ಮಾತ್ರ ಎಂದುಕೊಂಡರೆ ಮೋಸ ಹೋಗುತ್ತೀಯ. ಆ ವಿಮಾನದ ನೆಲೆ ದೆಹಲಿ ಅಂದೆಯಲ್ಲ, ನಿಮ್ಮನ್ನು ಕರೆದೊಯ್ಯಲು ಅದು ಖಾಲಿ ಬರಬೇಕು, ಸುಮಾರು ಎರಡೂವರೆ ಗಂಟೆ. ಬೆಂಗಳೂರಿನಿಂದ ಉದಯಪುರಕ್ಕೆ ಎರಡು ಗಂಟೆ. ಅಲ್ಲಿಂದ ಮತ್ತೆ ಖಾಲಿ ದೆಹಲಿಗೆ ಒಂದು ಗಂಟೆ. ಮದುವೆ ಮುಗಿದ ಮೇಲೆ ಇದೇ ಆಟ ಉಲ್ಟಾ. ಒಟ್ಟು 11 ಗಂಟೆಯ ಬಿಲ್ಲು, ನೀವು ಒಳಗೆ ಕೂರುವುದು 4 ಗಂಟೆ. ಉದಯಪುರದಲ್ಲೇ ನಿಲ್ಲಿಸಿಕೊಂಡರೆ ಹಾರಾಟ 9 ಗಂಟೆಗೆ ಇಳಿಯುತ್ತದೆ, ಆದರೆ ನಿಂತ ದಿನಕ್ಕೂ ಇಷ್ಟು ಗಂಟೆ ಎಂದು ಕನಿಷ್ಠ ಬಾಡಿಗೆ ಹಾಕುತ್ತಾರೆ, ಸಿಬ್ಬಂದಿಯ ಹೋಟೆಲು ಬೇರೆ. ಮದುವೆ ಸೀಸನ್ನಿನಲ್ಲಿ ಅಲ್ಲಿ ವಿಮಾನ ನಿಲ್ಲಿಸಲು ಜಾಗ ಸಿಗುತ್ತದೆಯೇ ಎನ್ನುವುದೂ ಪ್ರಶ್ನೆಯೇ. ಇಳಿದ ಶುಲ್ಕ, ನಿಲ್ಲಿಸಿದ ಶುಲ್ಕ, ಹ್ಯಾಂಡ್ಲಿಂಗ್, ಇದೆಲ್ಲದರ ಮೇಲೆ ಶೇ 18 ಜಿಎಸ್‌ಟಿ. ಕೊಟೇಶನ್ನಿನಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಬರಬೇಕು. ಮೂವರ ಹತ್ತಿರ ಕೇಳು. ಬೆಂಗಳೂರಿನಲ್ಲೋ ಮುಂಬೈಯಲ್ಲೋ ನೆಲೆಯಿರುವ ವಿಮಾನ ಸಿಕ್ಕರೆ ಗಂಟೆಯ ದರ ಜಾಸ್ತಿಯಾದರೂ ಒಟ್ಟು ಕಡಿಮೆ ಬೀಳಬಹುದು. ಖಾಲಿ ಮರಳುವ ವಿಮಾನ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಬೇಡ ಅನ್ನು. ಅದನ್ನು ಮೊದಲು ಹಿಡಿದವರ ಕಾರ್ಯಕ್ರಮ ಬದಲಾದರೆ ನಿಮ್ಮದೂ ಬದಲಾಗುತ್ತದೆ. ಮದುವೆಗೆ ಅದು ಆಗಿಬರುವುದಿಲ್ಲ.

ಮುಂಗಡ ಕೊಡುವ ಮೊದಲು ವಿಮಾನದ ನೋಂದಣಿ ಸಂಖ್ಯೆ ಕೇಳು. ನಮ್ಮ ದೇಶದ್ದಾದರೆ ವಿಟಿ ಎಂದು ಶುರುವಾಗುತ್ತದೆ. ಆ ವಿಮಾನ ಡಿಜಿಸಿಎ ಕೊಡುವ ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ಟಿನಲ್ಲಿ ಸೇರಿದೆಯೇ, ಪರ್ಮಿಟ್ ಚಾಲ್ತಿಯಲ್ಲಿದೆಯೇ ನೋಡು. ಯಾರದೋ ಸ್ವಂತ ಬಳಕೆಯ ವಿಮಾನವನ್ನು ಒಳಗಿಂದೊಳಗೆ ಬಾಡಿಗೆಗೆ ಬಿಡುವವರು ಇದ್ದಾರೆ. ಅದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಕರಾರಿನಲ್ಲಿ ‘ಈ ವಿಮಾನ ಅಥವಾ ಇಂಥದೇ ಇನ್ನೊಂದು’ ಎಂಬ ಸಾಲಿದ್ದರೆ, ಆ ಇನ್ನೊಂದು ಯಾವುದು, ಎಂಜಿನ್ ಎಷ್ಟು, ಪೈಲಟ್ ಎಷ್ಟು ಎಂದು ಬರೆಸಿಕೋ. 2004ರ ಏಪ್ರಿಲ್ 17ರಂದು ನಮ್ಮ ಮುಳಬಾಗಿಲಿನ ಹುಡುಗಿ, ನಟಿ ಸೌಂದರ್ಯ, ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆಂದು ಜಕ್ಕೂರಿನಿಂದ ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾದಲ್ಲಿ ಹೊರಟಳು. ಏರಿದ ಕೆಲವೇ ಕ್ಷಣಗಳಲ್ಲಿ ವಿಮಾನ ಬಿತ್ತು, ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ಅಂದಿನಿಂದ ಈ ಪ್ರಶ್ನೆಗಳನ್ನು ಕೇಳಲು ನಾನು ಸಂಕೋಚಪಟ್ಟಿಲ್ಲ, ನೀನೂ ಪಡಬೇಡ.

ಈಗ ನಾನು ಈ ಕಾಗದ ಬರೆಯಲು ಕೂತ ಮುಖ್ಯ ಕಾರಣಕ್ಕೆ ಬರುತ್ತೇನೆ. ಒಂದು ಜನವರಿಯಲ್ಲಿ ಹೀಗೇ ಒಂದು ಮದುವೆಯ ತಂಡ ಬೆಳಗ್ಗೆ 7ಕ್ಕೇ ಬಂದು ಲೌಂಜಿನಲ್ಲಿ ಕೂತಿತ್ತು. ಮುಹೂರ್ತ ಮರುದಿನ ಬೆಳಗಿನ ಜಾವ. ವಿಮಾನ ಬರಬೇಕಿದ್ದದ್ದು ದೆಹಲಿಯಿಂದ. ಬೆಂಗಳೂರಿನಲ್ಲಿ ಎಳೆ ಬಿಸಿಲು, ದೆಹಲಿಯಲ್ಲಿ ಕೈ ಚಾಚಿದರೆ ಬೆರಳು ಕಾಣದ ಮಂಜು. ವಿಮಾನ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಪೈಲಟ್‌ಗಳ ಡ್ಯೂಟಿ ನಸುಕಿನಲ್ಲೇ ಶುರುವಾಗಿದ್ದರಿಂದ ಅವರಿಗೆ ಉಳಿದಿದ್ದ ಸಮಯ ಬಹಳ ಕಡಿಮೆ. ಹೋಗಬೇಕಿದ್ದ ಊರಿನ ನಿಲ್ದಾಣ ಸಂಜೆಗೆ ಮುಚ್ಚುತ್ತಿತ್ತು. ಕ್ಯಾಪ್ಟನ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ‘ಇವತ್ತು ಆಗುವುದಿಲ್ಲ ಸಾರ್’ ಅಂದಳು. ಮನೆಯ ಯಜಮಾನರು ಅವಳ ಮುಖದ ಮುಂದೆ ಬೆರಳಾಡಿಸಿ, ಇಷ್ಟು ಲಕ್ಷ ಕೊಟ್ಟಿದ್ದೇನೆ ಎಂದು ಕೂಗಿದರು. ಮಾಲೀಕರಿಗೆ ಫೋನು ಹೋಯಿತು, ಇನ್ಯಾರೋ ದೊಡ್ಡವರಿಂದ ಮತ್ತೊಂದು ಫೋನು ಬಂತು. ಅವಳು ಮಾತು ಬದಲಿಸಲಿಲ್ಲ. ಮೊಗ್ಗಿನ ಜಡೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬ ಅಜ್ಜಿ ಎಲ್ಲವನ್ನೂ ನೋಡುತ್ತ ಸುಮ್ಮನೆ ಕೂತಿದ್ದರು. ಅವರಿಗೆ ಆ ಮುಹೂರ್ತ ಸಿಗಲಿಲ್ಲ. ಆ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಹೀಗಾಗಬಹುದು ಎಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ನನಗೆ ಗೊತ್ತಿತ್ತು, ಹಿಂದಿನ ದಿನ ಫೋನಿನಲ್ಲಿ ಮಾತಾಡಿದಾಗ ನಾನೂ ಹೇಳಲಿಲ್ಲ.

ಆದ್ದರಿಂದ ಧಾರೆಯ ಹಿಂದಿನ ದಿನ ಹೊರಡುವ ಯೋಚನೆಯನ್ನು ಇವತ್ತೇ ಬಿಡು. ಎರಡು ದಿನ ಮುಂಚೆ ಹೊರಡಿ. ಸಾಧ್ಯವಾದರೆ ವಿಮಾನವನ್ನು ಹಿಂದಿನ ಸಂಜೆಯೇ ಬೆಂಗಳೂರಿಗೆ ತರಿಸಿಕೋ, ಒಂದು ರಾತ್ರಿಯ ಖರ್ಚು ಹೆಚ್ಚಾಗಲಿ, ಪೈಲಟ್‌ಗಳು ಇಲ್ಲಿ ನಿದ್ದೆ ಮಾಡಿ ಎದ್ದಿರುತ್ತಾರೆ. ಉದಯಪುರದ ನಿಲ್ದಾಣ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಆಪರೇಟರನ್ನೇ ಕೇಳಿ ಬರೆದಿಟ್ಟುಕೋ. ನಿಮ್ಮಪ್ಪನಿಗೆ ಈಗಲೇ ಹೇಳು, ಕ್ಯಾಪ್ಟನ್ ಬೇಡ ಅಂದರೆ ಬೇಡ, ಆವತ್ತು ಯಾರೂ ದನಿ ಏರಿಸುವ ಹಾಗಿಲ್ಲ. ಅವನು ನನ್ನ ತಮ್ಮ, ಅವನ ಮುಂಗೋಪ ನನಗೆ ಗೊತ್ತು.

ಸಾಮಾನಿನ ವಿಷಯ. ಕೊಬ್ಬರಿ ಗಿಟುಕು, ಕರ್ಪೂರ, ಬೆಂಕಿಪೊಟ್ಟಣ ಯಾವುದನ್ನೂ ಪೆಟ್ಟಿಗೆಗೆ ಹಾಕಬೇಡಿ. ಒಣ ಕೊಬ್ಬರಿ ಎಣ್ಣೆಯ ಪದಾರ್ಥ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು ಎಂದು ಅದನ್ನು ಅಪಾಯದ ಸರಕಿನಲ್ಲಿ ಸೇರಿಸಿದ್ದಾರೆ. ಚಾರ್ಟರ್ ಆದರೂ ತಪಾಸಣೆ ತಪ್ಪುವುದಿಲ್ಲ, ಎಲ್ಲರ ಗುರುತಿನ ಚೀಟಿ ಕೈಯಲ್ಲಿರಲಿ. ಕರ್ಪೂರ, ಬೆಂಕಿಪೊಟ್ಟಣ ಅಲ್ಲೇ ಸಿಗುತ್ತವೆ, ಕೊಬ್ಬರಿಯನ್ನು ಬೀಗರಿಗೆ ಹೇಳಿ ತರಿಸಿಡು. ಬೆಳ್ಳಿ ಪಾತ್ರೆಗಳ ತೂಕವನ್ನು ಮಾತ್ರ ನಿಜವಾಗಿ ತೂಗಿ ಹೇಳು, ಅಂದಾಜಿನಲ್ಲಿ ಬೇಡ.

ಹದಿಮೂರರ ಪಟ್ಟಿಯಲ್ಲಿ ಯಾರು ಎಂದು ಮನೆಯಲ್ಲಿ ಗುಸುಗುಸು ಎದ್ದಿದೆ ಎಂದು ಕೇಳಿದೆ. ಅಮ್ಮ, ಬಸವನಗುಡಿಯ ಸೋದರತ್ತೆ, ಆಪರೇಷನ್ ಆದ ಚಿಕ್ಕಪ್ಪ, ಬಾಣಂತಿ ಮತ್ತು ಕೂಸು, ಅವರನ್ನು ನೋಡಿಕೊಳ್ಳುವ ಗಟ್ಟಿ ಕೈಯವರು ಇಬ್ಬರು. ಇವರಿಂದ ಬರೆಯಲು ಶುರುಮಾಡು. ನನ್ನ ಹೆಸರು ತೆಗೆ, ನಾನು ಉಳಿದವರ ಜೊತೆ ಮಾಮೂಲಿ ವಿಮಾನದಲ್ಲಿ ಬರುತ್ತೇನೆ. ಹೊರಡುವುದು ಹಳೇ ಏರ್‌ಪೋರ್ಟಿನಿಂದಲೋ ದೇವನಹಳ್ಳಿಯಿಂದಲೋ ಖಚಿತಮಾಡಿಕೋ. 2008ರಲ್ಲಿ ಮಾಮೂಲಿ ವಿಮಾನಗಳೆಲ್ಲ ಆ ಕಡೆ ಹೋದರೂ ಎಚ್‌ಎಎಲ್ ನಿಲ್ದಾಣ ಇಂಥವಕ್ಕೆ ತೆರೆದೇ ಇದೆ, ಬಸವನಗುಡಿಯವರಿಗೆ ಅದೇ ಹತ್ತಿರ.

ಕೊಟೇಶನ್ನುಗಳು ಬಂದ ಕೂಡಲೇ ನನಗೆ ಕಳಿಸು, ವಿಟಿ ಸಂಖ್ಯೆ ಸಮೇತ. ಮಂಗಳವಾರ ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದಿದೆ. ದೊಡ್ಡಬೆಟ್ಟದ ಮಾತನ್ನು ನಾನೇ ಕೇಳಿಕೊಂಡು ಬಂದು ಅವತ್ತೇ ಸಂಜೆ ಫೋನು ಮಾಡುತ್ತೇನೆ.