ಗೋಡೆಯ ತೇವ: ಬಣ್ಣ ಬಳಿಯುವ ಮೊದಲು

ಮಳೆಗಾಲದಲ್ಲಿ ನಮ್ಮ ಊರಿನ ಅನೇಕ ಮನೆಗಳಲ್ಲಿ ನೆಲದಿಂದ ಎರಡು ಮೂರು ಅಡಿವರೆಗೆ ಗೋಡೆ ಕಪ್ಪಾಗುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ 'ಸೀಲನ್' ಎನ್ನುತ್ತಾರೆ. ಈದ್ ಹತ್ತಿರ ಬಂದಾಗ ಬಣ್ಣ ಬಳಿಸುವುದೇ ಎಲ್ಲರಿಗೂ ಗೊತ್ತಿರುವ ಔಷಧಿ. ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಕಾರಣ ಬಣ್ಣದಲ್ಲಿಲ್ಲ. ಇಟ್ಟಿಗೆ, ಕೆಂಪು ಕಲ್ಲು, ಗಾರೆ ಇವುಗಳಲ್ಲಿ ಬಹಳ ಸಣ್ಣ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವ ಹಾಗೆ ಗೋಡೆಯು ಮಣ್ಣಿನ ನೀರನ್ನು ಮೇಲಕ್ಕೆ ಎಳೆಯುತ್ತದೆ. ಜೊತೆಗೆ ಲವಣವೂ ಬರುತ್ತದೆ. ನೀರು ಆರಿದ ಮೇಲೆ ಕಾಣುವ ಬಿಳಿ ಪುಡಿ ಅದೇ. ಆ ಲವಣ ಹರಳುಗಟ್ಟಿ ಪ್ಲಾಸ್ಟರನ್ನು ಒಳಗಿನಿಂದ ಒಡೆಯುತ್ತದೆ. ಮೇಲೆ ಪುಟ್ಟಿ ಹಚ್ಚಿದರೆ ಪುಟ್ಟಿಯೂ ಬೀಳುತ್ತದೆ. ಸಿಮೆಂಟ್ ಬಳಿದು ಮುಚ್ಚಿದರೆ ನೀರಿಗೆ ಆರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಹೋಗುತ್ತದೆ.

ಆದರೆ ಎಲ್ಲ ತೇವವೂ ನೆಲದಿಂದ ಬಂದದ್ದಲ್ಲ. ಪುಡಿ ಒರೆಸಿ, ಪ್ಲಾಸ್ಟಿಕ್ ಹಾಳೆಯ ತುಂಡನ್ನು ಗೋಡೆಗೆ ನಾಲ್ಕೂ ಕಡೆ ಟೇಪ್‌ನಿಂದ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ; ಕಿಟಕಿ ತೆರೆದು, ಒಳಗೆ ಬಟ್ಟೆ ಒಣಗಿಸುವುದನ್ನು ಬಿಟ್ಟರೆ ಸಾಕು. ಬೇಸಿಗೆಯಲ್ಲೂ ಒಂದೇ ಜಾಗ ಒದ್ದೆ ಇದ್ದರೆ ಪೈಪ್ ನೋಡಿಸಬೇಕು.

ಹೊಸ ಮನೆಗೆ ಪಾಯ ಮುಗಿದು ಗೋಡೆ ಏಳುವ ಮೊದಲೇ ಡಿ.ಪಿ.ಸಿ. ಎಂಬ ಪದರ ಹಾಕುತ್ತಾರೆ. ನೀರು ತಡೆಯುವ ಪುಡಿ ಬೆರೆಸಿದ ಸುಮಾರು ಒಂದೂವರೆ ಇಂಚಿನ ಕಾಂಕ್ರೀಟ್, ಅದರ ಮೇಲೆ ಟಾರ್. ಇದು ಹೊರಗಿನ ನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ಮೇಲಿರಬೇಕು. ಎಷ್ಟೋ ಮನೆಗಳಲ್ಲಿ ಈ ಪದರ ಇದ್ದರೂ ಆಮೇಲೆ ಅಂಗಳಕ್ಕೆ ಮಣ್ಣು ತುಂಬಿ ಎತ್ತರ ಮಾಡಿರುತ್ತಾರೆ. ನೀರು ಅದನ್ನು ದಾಟಿ ಬರುತ್ತದೆ. ಹಳೆ ಮನೆಯಲ್ಲಿ ಮೊದಲು ಆ ಮಣ್ಣು ತೆಗೆಸಿ, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಮಾಡಿ, ಅಂಗಳವನ್ನು ಹೊರಕ್ಕೆ ಇಳಿಜಾರು ಮಾಡಬೇಕು. ಇದು ಹೆಚ್ಚಾಗಿ ಗುದ್ದಲಿಯ ಕೆಲಸ.

ಈಗ ನಮ್ಮ ಲೆಕ್ಕಶಾಸ್ತ್ರ. ಕಟ್ಟುವಾಗಿನ ಡಿ.ಪಿ.ಸಿ. ಬಂಡವಾಳ ವೆಚ್ಚ, ಕಟ್ಟಡದ ಬೆಲೆಗೆ ಸೇರುತ್ತದೆ. ಪ್ರತಿ ವರ್ಷದ ಬಣ್ಣ ರಾಜಸ್ವ ವೆಚ್ಚ. ವರ್ಷಕ್ಕೆ 4,000 ರೂ. ಎಂದುಕೊಂಡರೂ ಹತ್ತು ವರ್ಷಕ್ಕೆ 40,000 ರೂ., ಗೋಡೆ ಮಾತ್ರ ಒದ್ದೆಯೇ. ಯಾವ ಖಾತೆಯಲ್ಲೂ ಬರೆಯದ ಖರ್ಚು ಇನ್ನೊಂದಿದೆ: ಒದ್ದೆ ಗೋಡೆಗೆ ಹಿಡಿಯುವ ಬೂಷ್ಟು. ಉಬ್ಬಸ ಇರುವ ಅಜ್ಜಿಯರು, ಚಿಕ್ಕ ಮಕ್ಕಳು ಮಲಗುವುದು ಅದೇ ಗೋಡೆಯ ಪಕ್ಕದಲ್ಲಿ.

ಬಾಡಿಗೆ ಮನೆಯವರು ಪಾಯ ಮುಟ್ಟುವಂತಿಲ್ಲ. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ, ಅಕ್ಕಿ ಚೀಲವನ್ನು ಹಲಗೆಯ ಮೇಲೆ ಇಡಬಹುದು. ಹನಿ ಕಟ್ಟಿದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯುವ ಮೊದಲು ಮನೆ ಮಾಲೀಕರನ್ನು ಕರೆದು ತೋರಿಸಬಹುದು.